ಈಗಲ್ ಸಿಂಡ್ರೋಮ್ ಆಪರೇಷನ್ ಆಗಿ ಮೂರು ವಾರ ಆದರೂ ನೋವು ಹೋಗಿಲ್ಲ. ಆಪರೇಷನ್ ಫೇಲ್ ಆಯ್ತಾ?

ಮೂರು ವಾರಕ್ಕೆ ಹಾಗೆ ಹೇಳಲು ಬರುವುದಿಲ್ಲ. ದಯವಿಟ್ಟು ಈಗಲೇ ಆ ತೀರ್ಮಾನಕ್ಕೆ ಬರಬೇಡಿ.

ಗೊತ್ತಿಲ್ಲದವರಿಗೆ ಒಂದು ಮಾತು: ಕಿವಿಯ ಕೆಳಗಿನ ಸ್ಟೈಲಾಯ್ಡ್ ಎಂಬ ಚೂಪು ಮೂಳೆ ಉದ್ದವಾಗಿ ಗಂಟಲು, ಕಿವಿಗೆ ನೋವು ಕೊಡುವುದೇ ಈಗಲ್ ಸಿಂಡ್ರೋಮ್. ನೀವು ಬರೆದಿರುವುದು ಇಷ್ಟು. ಎಡಗಡೆ ಕುತ್ತಿಗೆಯಲ್ಲಿ ಕೊಯ್ದು ಆ ಮೂಳೆ ತೆಗೆದಿದ್ದಾರೆ. ಕಿವಿ ಜೋಮು ಹಿಡಿದಿದೆ, ನಕ್ಕರೆ ತುಟಿ ಸೊಟ್ಟಗಾಗುತ್ತದೆ, ಊಟದ ಮೊದಲ ತುತ್ತಿಗೆ ದವಡೆಯಲ್ಲಿ ಜೀವ ಹೋಗುವಷ್ಟು ನೋವು. ಬಲಗಡೆಯ ಮೂಳೆಯೂ ಉದ್ದ ಇದೆಯಂತೆ, ಅದನ್ನೂ ತೆಗೆಸಬೇಕಾ ಅಂತ ಕೇಳಿದ್ದೀರಿ. ನನಗೂ ಇದೇ ಆಪರೇಷನ್ ಆಗಿದೆ. ಅದೂ ಎಡಗಡೆಗೇ, ಕುತ್ತಿಗೆಯ ಕಡೆಯಿಂದಲೇ. ಆಗಿ ಎರಡು ವರ್ಷ ದಾಟಿತು. ನಾನು ಡಾಕ್ಟರ್ ಅಲ್ಲ, ಹೈಸ್ಕೂಲ್ ಟೀಚರ್. ನೀವು ಹೇಳಿದ ಮೂರೂ ನನಗೂ ಇದ್ದವು.

ಮೊದಲು ಒಂದು ಕೆಲಸ ಮಾಡಿ. ನಿಮ್ಮ ಹಳೇ ನೋವು ಯಾವುದು, ಹೊಸ ನೋವು ಯಾವುದು ಅಂತ ಬೇರೆ ಮಾಡಿ ನೋಡಿ. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಯಾರಿಗಾದರೂ ಆಪರೇಷನ್ ಫೇಲ್ ಅಂತಲೇ ಅನ್ನಿಸುತ್ತದೆ. ನನ್ನ ಹಳೇ ನೋವು ಅಂದರೆ, ಎಂಜಲು ನುಂಗಿದಾಗಲೆಲ್ಲ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡ ಹಾಗೆ ಇರುತ್ತಿತ್ತು. ಬೋರ್ಡಿನ ಮೇಲೆ ಬರೆದು ಮಕ್ಕಳ ಕಡೆ ತಲೆ ತಿರುಗಿಸಿದರೆ ಕಿವಿಯೊಳಗೆ ಚಳಕ್ ಅಂತ ಹೊಡೆಯುತ್ತಿತ್ತು. ಹೊಸ ನೋವು ಬೇರೆಯೇ. ಹೊಲಿಗೆಯ ಎಳೆತ, ಕುತ್ತಿಗೆಯ ಬಿಗಿ, ಚರ್ಮದ ಜುಮುಜುಮು, ಮತ್ತೆ ಆ ಮೊದಲ ತುತ್ತಿನ ನೋವು. ನೀವು ಬರೆದಿದ್ದರಲ್ಲಿ ಹಳೇ ನೋವಿನ ಮಾತೇ ಇಲ್ಲ, ಗಮನಿಸಿದಿರಾ? ನುಂಗುವಾಗ ಚುಚ್ಚುತ್ತದೆ ಎಂದು ನೀವು ಎಲ್ಲೂ ಹೇಳಿಲ್ಲ. ನಿಮ್ಮ ಪ್ರಶ್ನೆ ಓದಿದಾಗ ನನಗೆ ಸಮಾಧಾನವಾಗಿದ್ದು ಅದೇ.

ಹೀಗೇಕೆ ಆಗುತ್ತದೆ ಅಂತ ತಿಳಿದರೆ ಹೆದರಿಕೆ ಅರ್ಧ ಕಡಿಮೆಯಾಗುತ್ತದೆ. ಕಿವಿಯ ಕೆಳಗೆ, ತಲೆಬುರುಡೆಯ ಬುಡದಿಂದ ಕೆಳಕ್ಕೂ ಮುಂದಕ್ಕೂ ಚಾಚಿರುವ ಚೂಪು ಮೂಳೆಯೇ ಸ್ಟೈಲಾಯ್ಡ್. ಸಾಮಾನ್ಯವಾಗಿ ಎರಡೂವರೆ ಸೆಂಟಿಮೀಟರ್ ಆಸುಪಾಸು ಇರುತ್ತದೆ. ಮೂರು ದಾಟಿದರೆ ಉದ್ದ ಅನ್ನುತ್ತಾರೆ. ನನ್ನದು ನಾಲ್ಕು ದಾಟಿತ್ತು. ಅದರ ತುದಿ ಇರುವ ಜಾಗವೇ ಬಹಳ ಇಕ್ಕಟ್ಟು. ಮೆದುಳಿಗೂ ಮುಖಕ್ಕೂ ರಕ್ತ ಒಯ್ಯುವ ಎರಡು ಕೆರೋಟಿಡ್ ರಕ್ತನಾಳಗಳು ಅದರ ಆಚೀಚೆ ಇವೆ. ಗಂಟಲು, ನಾಲಗೆ, ಮುಖ, ಭುಜಕ್ಕೆ ಹೋಗುವ ನರಗಳೆಲ್ಲ ಅಲ್ಲೇ ಹತ್ತಿರದಲ್ಲಿ ಹಾದುಹೋಗುತ್ತವೆ. 1937ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಾಟ್ ಈಗಲ್ ಎಂಬ ಕಿವಿ-ಮೂಗು-ಗಂಟಲು ಡಾಕ್ಟರ್ ಈ ತೊಂದರೆಯನ್ನು ವಿವರಿಸಿ ಬರೆದರು. ಹೆಸರು ಅವರಿಂದ ಬಂದಿದ್ದು. ಇಂಥ ಜಾಗದಲ್ಲಿ ಸರ್ಜನ್ ನರಗಳನ್ನೆಲ್ಲ ಮೆಲ್ಲಗೆ ಪಕ್ಕಕ್ಕೆ ಸರಿಸಿ, ಮೂಳೆ ಬಿಡಿಸಿ, ಕತ್ತರಿಸಿ ತೆಗೆಯಬೇಕು. ಸರಿಸುವಾಗ ನರ ಎಳೆದಂತಾಗುತ್ತದೆ. ಎಳೆದ ನರ ಕೆಲವು ವಾರ, ಕೆಲವು ತಿಂಗಳು ಮುನಿಸಿಕೊಳ್ಳುತ್ತದೆ. ಪೆಟ್ಟು ಬಿದ್ದ ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಅಷ್ಟೇ. ಹೊರಗಿನ ಗಾಯ ಎರಡು ವಾರಕ್ಕೆ ಕೂಡಿಕೊಂಡರೂ ಒಳಗೆ ಕೆಲಸ ಇನ್ನೂ ನಡೆದಿರುತ್ತದೆ. ಮನೆಯವರು "ಗಾಯ ಮಾಗಿದೆಯಲ್ಲ, ಇನ್ನೇನು?" ಅಂದರೆ ಈ ಲೆಕ್ಕ ಹೇಳಿ.

ಈಗ ಮೊದಲ ತುತ್ತಿನ ನೋವು. ಇದಕ್ಕೆ ಡಾಕ್ಟರುಗಳು ಫಸ್ಟ್ ಬೈಟ್ ಸಿಂಡ್ರೋಮ್ ಅನ್ನುತ್ತಾರೆ. ನನಗೆ ಆಪರೇಷನ್ನಿಗೆ ಮುಂಚೆ ಯಾರೂ ಇದನ್ನು ಹೇಳಿರಲಿಲ್ಲ. ಹೇಳಿದ್ದರೆ ಎಷ್ಟೋ ರಾತ್ರಿಯ ನಿದ್ದೆ ಉಳಿಯುತ್ತಿತ್ತು, ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತಿದ್ದೇನೆ. ಕಿವಿಯ ಮುಂದೆ, ದವಡೆಯ ಮೂಲೆಯಲ್ಲಿ ಜೊಲ್ಲು ಸುರಿಸುವ ಪರೋಟಿಡ್ ಗ್ರಂಥಿ ಇದೆ. ಮಂಗನಬಾವು ಬಂದಾಗ ಊದಿಕೊಳ್ಳುವುದು ಇದೇ. ಇದನ್ನು ಎರಡು ಬಗೆಯ ನರಗಳು ನಡೆಸುತ್ತವೆ. ಅದರಲ್ಲಿ ಒಂದು ಬಗೆಯವು ಕೆರೋಟಿಡ್ ರಕ್ತನಾಳಕ್ಕೆ ಅಂಟಿಕೊಂಡೇ ಬರುತ್ತವೆ. ಆಪರೇಷನ್ನಿನಲ್ಲಿ ಅವಕ್ಕೆ ಪೆಟ್ಟಾದರೆ, ಉಳಿದ ನರಗಳ ಮಾತಿಗೆ ಗ್ರಂಥಿ ಅತಿಯಾಗಿ ಓಗೊಡುತ್ತದೆ. ಹೊಟ್ಟೆ ಹಸಿದು ಮೊದಲ ತುತ್ತು ಬಾಯಿಗಿಟ್ಟ ಕೂಡಲೇ ಒಂದೇ ಸಲಕ್ಕೆ ಹಿಂಡಿಕೊಳ್ಳುತ್ತದೆ ಅನ್ನುವುದು ಇದಕ್ಕೆ ಕೊಡುವ ವಿವರಣೆ. ಎರಡನೇ ತುತ್ತಿಗೆ ಕಡಿಮೆ, ನಾಲ್ಕೈದು ತುತ್ತಿಗೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮತ್ತೆ ಮುಂದಿನ ಊಟಕ್ಕೆ ಹಾಜರು. ನಿಮ್ಮದೂ ಹೀಗೇ ಅಲ್ವಾ?

ಹುಳಿ ಅಂದರೆ ಇದಕ್ಕೆ ಆಗಿಬರುವುದಿಲ್ಲ. ಚಿತ್ರಾನ್ನಕ್ಕೆ ಅತ್ತೆ ನಿಂಬೆಹಣ್ಣು ಹಿಂಡುವುದನ್ನು ದೂರದಿಂದ ನೋಡಿದರೇ ನನಗೆ ದವಡೆ ಹಿಡಿದುಕೊಳ್ಳುತ್ತಿತ್ತು. ಬಾಯಿಗೆ ಇಟ್ಟೂ ಇರಲಿಲ್ಲ. ನೆನೆದರೆ ಜೊಲ್ಲು ಬರುತ್ತದಲ್ಲ, ಅಷ್ಟೇ ಸಾಕಾಗಿತ್ತು. ನನಗೆ ಉಪಯೋಗಕ್ಕೆ ಬಂದದ್ದು ಹೇಳುತ್ತೇನೆ. ಊಟ ಶುರು ಮಾಡುವ ಮುಂಚೆ ಎರಡು ಗುಟುಕು ಉಗುರುಬೆಚ್ಚಗಿನ ನೀರು. ಆಮೇಲೆ ಸಪ್ಪೆ ಅನ್ನವೋ, ಮೆತ್ತಗಿನ ಇಡ್ಲಿಯ ಚೂರೋ, ಬಲಗಡೆಯಲ್ಲಿ ನಿಧಾನವಾಗಿ ಅಗಿಯುವುದು. ಸಾರು, ಉಪ್ಪಿನಕಾಯಿ, ಮೊಸರು ಎಲ್ಲ ಕೊನೆಗೆ. ಸಹಿಸಲು ಆಗದಿದ್ದರೆ ಡಾಕ್ಟರಿಗೆ ಹೇಳಿ. ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್, ಕಾರ್ಬಮಜೆಪಿನ್ ಅಂತ ನರದ ನೋವಿನ ಮಾತ್ರೆಗಳಿವೆ. ಆ ಗ್ರಂಥಿಗೆ ಬೊಟಾಕ್ಸ್ ಇಂಜೆಕ್ಷನ್ ಕೊಡುವುದೂ ಉಂಟು. ಮಾತ್ರೆ ಬರೆದುಕೊಟ್ಟರೆ ಮಂಪರು, ತಲೆ ತಿರುಗು ಇರುತ್ತದೆ. ಮೈಗೆ ಹೊಂದುವವರೆಗೆ ಸ್ಕೂಟರ್ ಓಡಿಸಬೇಡಿ. ಕಡಿಮೆಯಾಯಿತು ಎಂದು ಒಂದೇ ಸಲ ನಿಲ್ಲಿಸಲೂಬೇಡಿ, ಕೇಳಿಕೊಂಡು ಮೆಲ್ಲಗೆ ಇಳಿಸಿ. ನನಗೆ ಈ ನೋವು ತಿಂಗಳುಗಟ್ಟಲೆ ಇತ್ತು. ಒಂದು ದಿನ ಥಟ್ ಅಂತ ಹೋಗಲಿಲ್ಲ, ಸವೆಯುತ್ತಾ ಹೋಯಿತು. ಈಗಲೂ ಹಬ್ಬದ ದಿನ ಹೊತ್ತು ಮೀರಿ ಊಟಕ್ಕೆ ಕೂತರೆ ಒಂದು ಸಣ್ಣ ಎಳೆತ ಬರುತ್ತದೆ.

ಕಿವಿಯ ಜೋಮು ಕೊಯ್ದ ಜಾಗದಲ್ಲಿ ಹಾದುಹೋಗುವ ಚರ್ಮದ ನರದಿಂದ. ಓಲೆ ಹಾಕಿಕೊಳ್ಳುವಾಗ ನನ್ನ ಕಿವಿಯೇ ನನಗೆ ಸಿಗುತ್ತಿರಲಿಲ್ಲ. ತಿರುಪು ಕೂತಿದೆಯೋ ಇಲ್ಲವೋ ಅಂತ ಕನ್ನಡಿಯಲ್ಲಿ ನೋಡಿಯೇ ತಿಳಿಯಬೇಕಿತ್ತು. ಒಮ್ಮೆ ಬಾಚಣಿಗೆ ಸಿಕ್ಕಿ ಓಲೆ ಎಳೆದಿದೆ, ಬಟ್ಟೆಯ ಮೇಲೆ ರಕ್ತ ನೋಡಿದ ಮೇಲೆಯೇ ಗೊತ್ತಾಗಿದ್ದು. ಅದಕ್ಕೇ ಹೇಳುವುದು, ಅಲ್ಲಿ ಬಿಸಿನೀರಿನ ಶಾಖ ಕೊಡಬೇಡಿ. ಸ್ಪರ್ಶ ಇಲ್ಲದ ಚರ್ಮ ಸುಟ್ಟರೂ ತಿಳಿಯುವುದಿಲ್ಲ. ಐಸ್ ಇಟ್ಟರೂ ಬಟ್ಟೆ ಸುತ್ತಿಯೇ ಇಡಿ. ಜೋಮು ಅಂಚಿನಿಂದ ಒಳಗೆ ಕಡಿಮೆಯಾಗುತ್ತಾ ಬರುತ್ತದೆ. ನಡುವೆ ಜುಮುಜುಮು, ಕೆರೆತ ಶುರುವಾದರೆ ಹೆದರಬೇಡಿ, ಸ್ಪರ್ಶ ಮರಳುವಾಗ ಹಾಗಾಗುತ್ತದೆ. ಕೆಲವರಿಗೆ ಒಂದು ಸಣ್ಣ ಜಾಗ ಹಾಗೇ ಉಳಿದುಬಿಡುವುದೂ ಉಂಟು. ನನಗೆ ಕಿವಿಹಾಲೆಯ ಕೆಳಗೆ ಉಳಿದಿದೆ, ಅದರಿಂದ ತೊಂದರೆಯೇನಿಲ್ಲ.

ತುಟಿಯ ವಿಷಯ ಮಾತ್ರ ಮುಂದಿನ ಭೇಟಿಯಲ್ಲಿ ತಪ್ಪದೆ ತೋರಿಸಿ. ಕೆಳತುಟಿಯ ಮೂಲೆಯನ್ನು ಕೆಳಕ್ಕೆಳೆಯುವ ಸಣ್ಣ ನರ ದವಡೆಯ ಅಂಚಿನಲ್ಲೇ ಇದೆ. ಎಳೆತದಿಂದ ಆಗಿದ್ದರೆ ಸಾಮಾನ್ಯವಾಗಿ ವಾರಗಳಿಂದ ತಿಂಗಳುಗಳಲ್ಲಿ ಸರಿಹೋಗುತ್ತದೆ. ನನಗೆ ಕಾಫಿ ಆ ಕಡೆಯಿಂದ ಸೋರುತ್ತಿತ್ತು. ಕ್ಲಾಸಿಗೆ ವಾಪಸ್ ಹೋದಾಗ ಮಕ್ಕಳ ಮುಂದೆ ನಗಲು ಬಹಳ ಸಂಕೋಚ. ಎರಡು ತಿಂಗಳಲ್ಲಿ ಸರಿಯಾಯಿತು. ಕೈ ಎತ್ತುವಾಗ ಭುಜ ಸೋತಂತೆ ಅನ್ನಿಸಿದರೂ, ನಾಲಗೆ ಹೊರಚಾಚಿದಾಗ ಒಂದು ಕಡೆ ಓಡಿದರೂ ಅದನ್ನೂ ಹೇಳಿ.

ಮಲಗುವುದು ಎರಡು ದಿಂಬು ಇಟ್ಟು, ತಲೆ ಎತ್ತರದಲ್ಲಿರಲಿ. ಊತ ಬೇಗ ಇಳಿಯುತ್ತದೆ. ಬಾಯಿ ಎಷ್ಟು ತೆರೆಯುತ್ತದೆ ಅಂತ ಬೆರಳಿಟ್ಟು ನೋಡಿಕೊಳ್ಳಿ. ಸಾಮಾನ್ಯವಾಗಿ ಮೂರು ಬೆರಳು ಹಿಡಿಯಬೇಕು. ಹಿಡಿಯದಿದ್ದರೆ ದವಡೆಯ ವ್ಯಾಯಾಮ ಯಾವಾಗಿನಿಂದ ಮಾಡಬಹುದು ಅಂತ ಕೇಳಿ. ಕುತ್ತಿಗೆಯನ್ನು ಬೊಂಬೆಯಂತೆ ಬಿಗಿಹಿಡಿದು ಕೂರಬೇಡಿ, ಡಾಕ್ಟರ್ ಹೂಂ ಅಂದ ಮೇಲೆ ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ತಿರುಗಿಸಿ. ರಾಗಿ ಗಂಜಿ, ಬೇಳೆಕಟ್ಟು, ಮೆತ್ತಗಿನ ಅನ್ನ ಸಾಕಷ್ಟು ದಿನ ನಡೆಯಲಿ.

ಇದನ್ನು ಓದುವವರಲ್ಲಿ ಬಾಯಿಯೊಳಗಿಂದ ಆಪರೇಷನ್ ಆದವರು ಇದ್ದರೆ, ನಿಮಗೆ ಹೊರಗೆ ಕಲೆ ಇರುವುದಿಲ್ಲ, ಆದರೆ ಗಂಟಲ ನೋವು ಜಾಸ್ತಿ. ಟಾನ್ಸಿಲ್ ಜಾಗದಲ್ಲಿ ಬಿಳಿ ಪೊರೆ ಕಾಣುತ್ತದೆ, ಅದು ಕೀವು ಅಲ್ಲ. ಐದರಿಂದ ಹತ್ತನೇ ದಿನದೊಳಗೆ ಅದು ಕಳಚುವಾಗ ರಕ್ತ ಬರಬಹುದು. ಬಂದರೆ ಮನೆಯಲ್ಲಿ ಕೂರದೆ ಆಸ್ಪತ್ರೆಗೆ ಹೋಗಿ.

ಯಾವ ದಾರಿಯಲ್ಲಿ ಆಪರೇಷನ್ ಆಗಿದ್ದರೂ ಕೆಲವಕ್ಕೆ ಬೆಳಗಾಗುವವರೆಗೂ ಕಾಯಬಾರದು. ಕುತ್ತಿಗೆ ಇದ್ದಕ್ಕಿದ್ದಂತೆ ಊದಿಕೊಳ್ಳುವುದು, ಉಸಿರು ಕಟ್ಟುವುದು, ಎಂಜಲೂ ನುಂಗಲಾಗದಿರುವುದು, ಚಳಿಜ್ವರದ ಜೊತೆ ಗಾಯ ಕೆಂಪಾಗಿ ಕೀವು ಬರುವುದು. ಮಾತು ತೊದಲಿದರೆ, ಒಂದು ಕಡೆಯ ಕೈಕಾಲು ಸೋತರೆ ತಕ್ಷಣ 108ಕ್ಕೆ ಫೋನ್ ಮಾಡಿ.

ನನ್ನ ಹಳೇ ನೋವು ಕೂಡ ಮೊದಲ ತಿಂಗಳು ಆಗಾಗ ಇಣುಕಿತ್ತು. ವರ್ಷಗಟ್ಟಲೆ ಕೆರಳಿದ್ದ ನರ ಒಂದೇ ಸಲಕ್ಕೆ ತಣ್ಣಗಾಗುವುದಿಲ್ಲ. ನಿಮಗೂ ಬಂದರೆ ಧೈರ್ಯಗೆಡಬೇಡಿ. ಪುಸ್ತಕದಲ್ಲಿ ದಿನಾ ಒಂದು ಸಾಲು ಬರೆದಿಡಿ: ನುಂಗುವಾಗ ಹೇಗಿತ್ತು, ತಲೆ ತಿರುಗಿಸುವಾಗ ಹೇಗಿತ್ತು. ನಿನ್ನೆಗೂ ಇವತ್ತಿಗೂ ವ್ಯತ್ಯಾಸ ಕಾಣುವುದಿಲ್ಲ, ಈ ತಿಂಗಳಿಗೂ ಹೋದ ತಿಂಗಳಿಗೂ ಕಾಣುತ್ತದೆ. ಆರು ತಿಂಗಳಾದರೂ ಹಳೇ ನೋವು ಹಾಗೇ ಇದ್ದರೆ, ಮೂಳೆ ಎಷ್ಟು ಉಳಿದಿದೆ ಎಂದು ಇನ್ನೊಂದು ಸಿಟಿ ಸ್ಕ್ಯಾನ್ ಬೇಕಾ ಅಂತ ಡಾಕ್ಟರನ್ನು ಕೇಳುವುದು ನ್ಯಾಯವೇ. ದವಡೆಯ ಕೀಲಿನ ತೊಂದರೆಯೂ, ಗಂಟಲ ನರದ ಬೇರೆ ನೋವೂ ಇದೇ ರೀತಿ ಕಾಣುತ್ತವೆ. ಅವನ್ನೂ ನೋಡಬೇಕಾಗಬಹುದು.

ಬಲಗಡೆಯ ವಿಷಯ. ಉದ್ದ ಇದೆ ಅನ್ನುವ ಒಂದೇ ಕಾರಣಕ್ಕೆ ಯಾರೂ ತೆಗೆಯುವುದಿಲ್ಲ. ನೂರರಲ್ಲಿ ಸುಮಾರು ನಾಲ್ಕು ಜನರಿಗೆ ಈ ಮೂಳೆ ಉದ್ದ ಇರುತ್ತದೆ ಅನ್ನುತ್ತಾರೆ, ಅವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ನನ್ನ ಬಲಗಡೆಯದೂ ಉದ್ದವೇ. ಆ ಕಡೆ ನೋವಿಲ್ಲ, ಡಾಕ್ಟರ್ ಮುಟ್ಟುವುದು ಬೇಡ ಎಂದರು, ನಾನೂ ಬಿಟ್ಟಿದ್ದೇನೆ. ನಿಮಗೆ ಆ ಕಡೆ ನೋವಿದ್ದರೂ ಎಡಗಡೆ ಪೂರ್ತಿ ಸುಧಾರಿಸುವವರೆಗೆ ತಡೆಯಬಹುದಾ ಅಂತ ಕೇಳಿ. ಎರಡೂ ಕಡೆ ಒಟ್ಟಿಗೆ ನುಂಗುವುದು ಕಷ್ಟವಾದರೆ ಊಟಕ್ಕೇ ಕುತ್ತು. ಮುಂದಿನ ಭೇಟಿಗೆ ಹೋಗುವಾಗ ಡಿಸ್ಚಾರ್ಜ್ ಸಮ್ಮರಿಯ ಜೊತೆ ಆಪರೇಷನ್ ನೋಟ್ಸ್ ಪ್ರತಿಯನ್ನೂ ಕೇಳಿ ಇಸಿದುಕೊಳ್ಳಿ. ಎಷ್ಟು ಉದ್ದದ ಮೂಳೆ ತೆಗೆದರು, ಯಾವ ನರ ಕಣ್ಣಿಗೆ ಬಿತ್ತು ಅಂತ ಅದರಲ್ಲಿ ಬರೆದಿರುತ್ತಾರೆ. ಮುಂದೆ ಬೇರೆ ಡಾಕ್ಟರಿಗೆ ತೋರಿಸಬೇಕಾಗಿ ಬಂದರೆ ಅವರು ಮೊದಲು ಕೇಳುವುದು ಅದನ್ನೇ.