ಪದೇ ಪದೇ ಎಡವುವವನನ್ನೂ ದೇವರು ಪ್ರೀತಿಸುತ್ತಾನೆಯೇ?

ಹೌದು ಎಂಬುದೇ ಕ್ರೈಸ್ತ ವಿಶ್ವಾಸದ ಉತ್ತರ. ಆದರೆ ಅದಕ್ಕೆ ಕೊಡುವ ಕಾರಣವನ್ನು ಗಮನಿಸಬೇಕು. ಮನುಷ್ಯನು ತನ್ನನ್ನು ತಿದ್ದಿಕೊಂಡ ಮೇಲೆ ದೇವರು ಪ್ರೀತಿಸಲಾರಂಭಿಸುತ್ತಾನೆಂದು ಅಪೊಸ್ತಲ (ಆದಿ ಕ್ರೈಸ್ತ ಬೋಧಕ) ಪೌಲನು ಹೇಳುವುದಿಲ್ಲ. ನಾವು ಇನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗಾಗಿ ಪ್ರಾಣ ಕೊಟ್ಟನೆಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯದಲ್ಲಿ ಬರೆಯುತ್ತಾನೆ.

ಇದಕ್ಕೆ ಪೇತ್ರನ ಪ್ರಸಂಗಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಕಾಣದು. ಯೇಸುವಿನೊಂದಿಗೆ ಸಾಯಲೂ ಸಿದ್ಧನೆಂದಿದ್ದ ಆ ಶಿಷ್ಯನು, ಅದೇ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಇದ್ದಲಿನ ಬೆಂಕಿಯ ಬಳಿ ಚಳಿ ಕಾಯಿಸಿಕೊಳ್ಳುತ್ತಾ, ಆತನನ್ನು ತಾನರಿಯೆನೆಂದುಬಿಟ್ಟನು. ಹೀಗೆ ನಿರಾಕರಿಸಿದ್ದು ಒಟ್ಟು ಮೂರು ಬಾರಿ. ಯೇಸು ಇದನ್ನು ಮೊದಲೇ ಬಲ್ಲವನಾಗಿದ್ದು, ಪೇತ್ರನ ನಂಬಿಕೆ ಕುಂದದಿರಲೆಂದು ಆಗಲೇ ಪ್ರಾರ್ಥಿಸಿದ್ದನೆಂದು ಸುವಾರ್ತೆಯನ್ನು ಬರೆದ ಲೂಕನು ದಾಖಲಿಸುತ್ತಾನೆ. ಪುನರುತ್ಥಾನದ ತರುವಾಯ ತಿಬೇರಿಯ ಸಮುದ್ರದ ದಡದಲ್ಲಿ, ಮತ್ತೊಮ್ಮೆ ಇದ್ದಲಿನ ಬೆಂಕಿ ಉರಿಯುತ್ತಿದ್ದ ಕಡೆ, ಯೇಸು ಆ ನಿರಾಕರಣೆಯ ಲೆಕ್ಕ ಕೇಳಲಿಲ್ಲ. ತನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿ, ತನ್ನ ಕುರಿಗಳನ್ನು ಮೇಯಿಸುವ ಹೊಣೆಯನ್ನು ಅವನಿಗೇ ಒಪ್ಪಿಸಿದನು. ಮೂರನೆಯ ಸಲ ಕೇಳಿದಾಗ ಪೇತ್ರನು ನೊಂದುಕೊಂಡನೆಂದು ಯೋಹಾನನು ತನ್ನ ಸುವಾರ್ತೆಯಲ್ಲಿ ಬರೆದಿರುವುದು ನನಗೆ ಮಹತ್ವದ್ದೆನಿಸುತ್ತದೆ, ಏಕೆಂದರೆ ಇಲ್ಲಿ ಕ್ಷಮೆಯು ತಪ್ಪನ್ನು ಮುಟ್ಟದೆ ದಾಟಿಹೋಗುವುದಿಲ್ಲ.

ಹಾಗಾದರೆ ಪಾಪ ಮಾಡುತ್ತಲೇ ಇರಬಹುದೇ? ಪೌಲನೇ ಅದೇ ಪತ್ರಿಕೆಯ 6ನೇ ಅಧ್ಯಾಯದಲ್ಲಿ ಈ ಪ್ರಶ್ನೆಯನ್ನೆತ್ತಿ ಖಂಡಿತವಾಗಿ ಅಲ್ಲಗಳೆಯುತ್ತಾನೆ. ಪಶ್ಚಾತ್ತಾಪವು ಕ್ಷಮೆಗೆ ತೆರುವ ಬೆಲೆಯಲ್ಲ, ಅದನ್ನು ಸ್ವೀಕರಿಸುವ ಬಗೆ. ಕಥೋಲಿಕರು ಗುರುವಿನ (ಪಾದ್ರಿಯ) ಮುಂದೆ ಪಾಪನಿವೇದನೆ ಮಾಡುತ್ತಾರೆ, ಪ್ರೊಟೆಸ್ಟೆಂಟರಲ್ಲಿ ಹೆಚ್ಚಿನವರು ನೇರವಾಗಿ ಪ್ರಾರ್ಥನೆಯಲ್ಲಿ ಅರಿಕೆ ಮಾಡುತ್ತಾರೆ. ಕ್ಷಮೆ ಪಡೆದವನು ಇತರರನ್ನೂ ಕ್ಷಮಿಸಬೇಕೆಂಬ ಮಾತು ಮಾತ್ರ ಕಟ್ಟುನಿಟ್ಟಾದದ್ದು: ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದ ಸಾಮ್ಯದಲ್ಲಿ (ದೃಷ್ಟಾಂತ ಕಥೆಯಲ್ಲಿ), 10,000 ತಲಾಂತುಗಳ ಅಪಾರ ಸಾಲದಿಂದ ಬಿಡುಗಡೆಯಾದ ಆಳು ಕೇವಲ 100 ದೇನಾರಿಗಳ ಸಣ್ಣ ಸಾಲಕ್ಕಾಗಿ ಜೊತೆಯವನನ್ನು ಸೆರೆಗೆ ಹಾಕಿಸಿದ್ದರಿಂದಲೇ ಒಡೆಯನ ಕೋಪಕ್ಕೆ ಗುರಿಯಾಗುತ್ತಾನೆ.