ಆ ಪೆಟ್ಟಿಗೆಯಲ್ಲಿ ಕೇಳಿಸಿದ್ದು, ಕೇಳಿಸದ್ದು

ಕಳೆದ ಸಂಚಿಕೆಯ ಅಪೊಲೊ ಲೇಖನ ಓದಿದ ಧಾರವಾಡದ ಓದುಗರೊಬ್ಬರ ಪ್ರಶ್ನೆ: "ಗಗನಯಾತ್ರಿಗಳ ಮನೆಗೇ ನಾಸಾ ಸ್ಪೀಕರ್ ಹಾಕಿಸಿಕೊಟ್ಟಿತ್ತು ಅಂದಮೇಲೆ ಹೆಂಡತಿಯರಿಗೆ ಎಲ್ಲ ಗೊತ್ತಾಗುತ್ತಿತ್ತಲ್ಲ? ಮತ್ತೆ ಗೆಳತಿಯರು ಗುಂಪುಗೂಡಿ ಕೂತದ್ದು ಲೈಫ್ ಪತ್ರಿಕೆಯ ಫೋಟೊಕ್ಕಾಗಿಯೇ?"

ಫೋಟೊದ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. 1959ರಲ್ಲಿ ಅಮೆರಿಕದ ಮೊದಲ ಮಾನವಸಹಿತ ಬಾಹ್ಯಾಕಾಶ ಯೋಜನೆಯಾದ ಮರ್ಕ್ಯುರಿಯ ಏಳು ಗಗನಯಾತ್ರಿಗಳ ಕುಟುಂಬಗಳೊಂದಿಗೆ ಲೈಫ್ 5 ಲಕ್ಷ ಡಾಲರಿನ ಒಪ್ಪಂದ ಮಾಡಿಕೊಂಡಿತ್ತು; ಹೆಂಡತಿಯರ ಕಥೆಯೂ ಅದರಲ್ಲೇ ಸೇರಿತ್ತು. ಹೀಗಾಗಿ ಲೈಫ್‌ನವರು ಮನೆಯೊಳಗೆ, ಮಿಕ್ಕ ಪತ್ರಕರ್ತರು ಹೊರಗೆ ಹುಲ್ಲಿನ ಮೇಲೆ. ಆದರೆ ಸ್ಪೀಕರಿನ ವಿಷಯದಲ್ಲಿ ನಿಮ್ಮ ಲೆಕ್ಕ ತಪ್ಪಿದೆ.

ಅದಕ್ಕೆ ಅವರು ಸ್ಕ್ವಾಕ್ ಬಾಕ್ಸ್ ಎನ್ನುತ್ತಿದ್ದರು. ನೌಕೆಗೂ ಹ್ಯೂಸ್ಟನ್ನಿನ ನಿಯಂತ್ರಣ ಕೇಂದ್ರಕ್ಕೂ ನಡೆಯುವ ಮಾತು ಕೇಳಿಸುತ್ತಿತ್ತು, ಅಷ್ಟೆ. ಈ ಕಡೆಯಿಂದ ಒಂದು ಪ್ರಶ್ನೆ ಕೇಳುವಂತಿರಲಿಲ್ಲ. ಕೇಳಿಸುವುದೂ ಬಹುಪಾಲು ಅಂಕಿ, ಸಂಕೇತ. ಅಪೊಲೊಗಿಂತ ಮುಂಚಿನ ಜೆಮಿನಿ ಯಾನಗಳ ಕಾಲದಲ್ಲಿ ನೆಲದ ಯಾವುದಾದರೊಂದು ಕೇಂದ್ರದ ಆಂಟೆನಾಗೆ ನೌಕೆ ಸಿಕ್ಕಾಗ ಮಾತ್ರ ಸಂಪರ್ಕ. ಅದನ್ನು ದಾಟಿ ಇನ್ನೊಂದು ಸಿಗುವವರೆಗೆ ಸದ್ದಿಲ್ಲ. ಮೇಲಾಗಿ ಸ್ವಿಚ್ ನಾಸಾ ಕೈಯಲ್ಲಿ. ಪೆಟ್ಟಿಗೆ ಸುಮ್ಮನಾದರೆ ಅದು ಮಾಮೂಲಿ ಮೌನವೋ, ಯಾರಾದರೂ ಬಂದ್ ಮಾಡಿದ್ದೋ? ಪೆಟ್ಟಿಗೆಯ ಮುಂದೆ ಕೂತವರಿಗೆ ತಿಳಿಯುವ ದಾರಿಯೇ ಇರಲಿಲ್ಲ.

1966ರ ಮಾರ್ಚ್ 16ರಂದು ಜೆಮಿನಿ 8ರ ಒಂದು ಥ್ರಸ್ಟರ್ ನಿಲ್ಲದೆ ಉರಿದು, ನೌಕೆ ಸೆಕೆಂಡಿಗೆ ಸುಮಾರು ಒಂದು ಸುತ್ತಿನಂತೆ ಗಿರಗಿರನೆ ತಿರುಗಿತು. ಆ ನೌಕೆಯಲ್ಲಿದ್ದ ನೀಲ್ ಆರ್ಮ್‌ಸ್ಟ್ರಾಂಗ್ ಮನೆಯ ಪೆಟ್ಟಿಗೆಯನ್ನು ನಾಸಾ ಬಂದ್ ಮಾಡಿತು. ಪತ್ನಿ ಜಾನೆಟ್ ಆರ್ಮ್‌ಸ್ಟ್ರಾಂಗ್ ನೇರ ನಿಯಂತ್ರಣ ಕೇಂದ್ರಕ್ಕೇ ಹೋದರು. ಒಳಗೆ ಬಿಡಲಿಲ್ಲ.

ಗೆಳತಿಯರು ಬೇಕಾಗಿದ್ದದ್ದು ಇದಕ್ಕೆ. 1964ರ ಅಕ್ಟೋಬರ್ 31ರಂದು ಟಿ-38 ವಿಮಾನಕ್ಕೆ ಹೆಬ್ಬಾತು ಬಡಿದು ಗಗನಯಾತ್ರಿ ಥಿಯೋಡರ್ ಫ್ರೀಮನ್ ಸತ್ತಾಗ, ಪತ್ನಿ ಫೇತ್‌ಗೆ ಅದು ಗೊತ್ತಾದದ್ದು ಬಾಗಿಲಿಗೆ ಬಂದ ಪತ್ರಕರ್ತನಿಂದ. ಇಂಥ ಸುದ್ದಿಯನ್ನು ಇನ್ನೊಬ್ಬ ಗಗನಯಾತ್ರಿಯೇ ಬಂದು ಹೇಳಬೇಕೆಂಬ ಪದ್ಧತಿ ಆಮೇಲೆ ಬಿಗಿಯಾಯಿತು. ಪದ್ಧತಿಯೇನೋ ಸರಿ. ಅವನು ಬಂದು ಮುಟ್ಟುವಷ್ಟರಲ್ಲಿ ಫೋನೋ ರೇಡಿಯೊವೋ ಮುಂದಾದರೆ? ಅದಕ್ಕೇ ಮೊದಲು ಹೋಗಿ ಜತೆಗೆ ನಿಲ್ಲುವ ಕೆಲಸ ಪಕ್ಕದ ಮನೆಯಾಕೆಯದು.

1967ರ ಜನವರಿ 27ರ ಸಂಜೆ ಅಪೊಲೊ 1ಕ್ಕೆ ಬೆಂಕಿ ಬಿದ್ದು ಒಳಗಿದ್ದ ಮೂವರು ಗಗನಯಾತ್ರಿಗಳು ಸತ್ತಾಗ, ಪಕ್ಕದ ಪ್ಯಾಟ್ ವೈಟ್ ಮನೆಗೆ ಹೋಗಿ ಎಂದು ಇದೇ ಜಾನೆಟ್‌ಗೆ ಹೇಳಿಕೆ ಬಂತು, ಏನಾಗಿದೆಯೆಂದು ಹೇಳಲಿಲ್ಲ. ಪತಿ ಎಡ್ ತೀರಿಕೊಂಡದ್ದನ್ನು ಪ್ಯಾಟ್‌ಗೆ ತಿಳಿಸಿದ್ದು ಗಗನಯಾತ್ರಿ ಬಿಲ್ ಆಂಡರ್ಸ್. ಮಣ್ಣು ಮಾಡುವ ವಿಷಯದಲ್ಲೂ ತಕರಾರು ಬಂತು: ಮೂವರನ್ನೂ ಆರ್ಲಿಂಗ್‌ಟನ್ ರಾಷ್ಟ್ರೀಯ ಸ್ಮಶಾನದಲ್ಲೇ ಹೂಳಬೇಕೆಂದು ಅಧಿಕಾರಿಗಳು, ಸೇನಾ ಅಕಾಡೆಮಿಯಿರುವ ವೆಸ್ಟ್ ಪಾಯಿಂಟ್‌ನಲ್ಲೇ ಆಗಬೇಕೆಂಬ ಆಸೆ ಎಡ್‌ರದಾಗಿತ್ತೆಂದು ಪ್ಯಾಟ್. ಗಗನಯಾತ್ರಿ ಫ್ರಾಂಕ್ ಬೋರ್ಮನ್ ಪಟ್ಟುಹಿಡಿದು ವೆಸ್ಟ್ ಪಾಯಿಂಟನ್ನೇ ಗಟ್ಟಿಮಾಡಿದರು.

ಆ ದಿನಗಳಲ್ಲಿ ಪ್ಯಾಟ್ ಜತೆಗಿದ್ದವರಲ್ಲಿ ಫ್ರಾಂಕ್ ಪತ್ನಿ ಸೂಸನ್ ಒಬ್ಬರು. 1968ರ ಡಿಸೆಂಬರಿನಲ್ಲಿ ಅಪೊಲೊ 8 ಹೊರಡುವ ಮುನ್ನ, ಗಂಡ ಮರಳುವ ಸಾಧ್ಯತೆ ಎಷ್ಟು ಎಂದು ಆಕೆ ನಾಸಾದ ಹಾರಾಟ ಕಾರ್ಯಾಚರಣೆಗಳ ಮುಖ್ಯಸ್ಥ ಕ್ರಿಸ್ ಕ್ರಾಫ್ಟ್‌ರನ್ನು ನೇರವಾಗಿ ಕೇಳಿದ್ದರು. ಅರ್ಧಕ್ಕರ್ಧ ಎಂಬ ಉತ್ತರ ಬಂದಿತ್ತು. ನೌಕೆ ಚಂದ್ರನತ್ತ ಹೋದ ಮೇಲೆ ಅಡುಗೆಮನೆಯ ಮೇಜಿಗೆ ಕೂತು, ಫ್ರಾಂಕ್ ಅಂತ್ಯಕ್ರಿಯೆಯಲ್ಲಿ ಓದಬೇಕಾದ ನುಡಿಗಳನ್ನು ಬರೆದಿಟ್ಟುಕೊಂಡರು.