ಚಾರ್ಮಾಡಿ ಹತ್ತುವಾಗ ಪಿಕಪ್ ಹೀಟ್ ಆಯಿತು: ಗ್ಯಾಸ್ಕೆಟ್ ಮಾತ್ರ ಹೋಗಿದೆಯಾ, ಎಂಜಿನ್ನೇ ಹೋಗಿದೆಯಾ?

ನೀವು ಬರೆದಿರುವುದು ಇಷ್ಟು. ಕೆಟ್ಟು ನಿಂತ ಜೀಪನ್ನು ಹಿಂದೆ ಕಟ್ಟಿಕೊಂಡು ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತಿದ್ದೀರಿ. ಕೊಟ್ಟಿಗೆಹಾರ ಇನ್ನೇನು ಬಂತು ಅನ್ನುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗಿ, ಬಾನೆಟ್‌ನಿಂದ ಹಬೆ ಬಂದಿದೆ. ತಣ್ಣಗಾದ ಮೇಲೆ ನೀರು ಹಾಕಿಕೊಂಡು ಮೂಡಿಗೆರೆ ತಲುಪಿದ್ದೀರಿ. ಈಗ ಗಾಡಿ ಸ್ಟಾರ್ಟ್ ಆಗುತ್ತದೆ. ಆದರೆ ಬೆಳಿಗ್ಗೆ ಬಿಳಿ ಹೊಗೆ, ಕೂಲೆಂಟ್ ದಿನಾ ಕಡಿಮೆಯಾಗುತ್ತಿದೆ. ಗ್ಯಾರೇಜಿನವರು ಎಂಜಿನ್ ಪೂರ್ತಿ ಬಿಚ್ಚಬೇಕು ಅಂದಿದ್ದಾರೆ. ಒಪ್ಪಿಕೊಳ್ಳಲೇ ಅಂತ ಕೇಳಿದ್ದೀರಿ.

ಹಾಸನದಲ್ಲಿ ಡೀಸೆಲ್ ಎಂಜಿನ್ ಕೆಲಸವೇ ನನ್ನ ಕಸುಬು. ಘಾಟಿ ಹತ್ತಿ ಹೀಟ್ ಆದ ಗಾಡಿಗಳು ಶಿರಾಡಿ ಕಡೆಯಿಂದಲೂ ಬರುತ್ತವೆ, ಚಾರ್ಮಾಡಿ ಕಡೆಯಿಂದಲೂ ಬರುತ್ತವೆ. ನನ್ನ ಮಾತು ಕೇಳುವುದಾದರೆ ಇವತ್ತೇ ಒಪ್ಪಬೇಡಿ. ನೀರು ಎಲ್ಲಿಗೆ ಹೋಗುತ್ತಿದೆ ಅಂತ ಗೊತ್ತಾಗುವ ತನಕ ಒಂದು ಬೋಲ್ಟೂ ಬಿಚ್ಚಿಸಬೇಡಿ. ಅಲ್ಲಿಯವರೆಗೆ ಗಾಡಿ ಓಡಿಸಲೂ ಬೇಡಿ.

ಮೊದಲು ಒಂದು ವಿಷಯ ನೆನಪಿಸಿಕೊಳ್ಳಿ. ಕೆಂಪಿಗೆ ಹೋದ ಮುಳ್ಳು ಆಮೇಲೆ ತಾನಾಗಿಯೇ ಕೆಳಗೆ ಇಳಿಯಿತಾ? ಇಳಿದಿದ್ದರೆ ಅದು ಒಳ್ಳೆಯ ಸುದ್ದಿ ಅಲ್ಲ. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ತೋರಿಸುತ್ತದೆ. ನೀರು ಖಾಲಿಯಾಗಿ ಬರೀ ಹಬೆ ಉಳಿದರೆ ರೀಡಿಂಗ್ ಕಡಿಮೆ ಬರುತ್ತದೆ, ಒಳಗೆ ಹೆಡ್ (ಸಿಲಿಂಡರ್‌ಗಳನ್ನು ಮೇಲಿನಿಂದ ಮುಚ್ಚುವ ಭಾಗ) ಮಾತ್ರ ಸುಡುತ್ತಲೇ ಇರುತ್ತದೆ. ಎಳೆಯುವಾಗ ಪಿಕಪ್ ಇದ್ದಕ್ಕಿದ್ದಂತೆ ಬಿಗಿಯಾಯಿತಾ, ಆಕ್ಸಿಲರೇಟರ್ ಒತ್ತಿದರೂ ಮುಂದೆ ಹೋಗಲಿಲ್ಲವಾ, ಕಟಕಟ ಸದ್ದು ಬಂತಾ? ಇದ್ಯಾವುದೂ ಇಲ್ಲದಿದ್ದರೆ ಪಿಸ್ಟನ್, ಅದು ಓಡಾಡುವ ಬೋರ್ (ಸಿಲಿಂಡರ್ ಗೋಡೆ) ಉಳಿದಿರುವ ಸಾಧ್ಯತೆ ಜಾಸ್ತಿ.

ಬಿಳಿ ಹೊಗೆ ಕಂಡ ತಕ್ಷಣ ಹೆಡ್ ಗ್ಯಾಸ್ಕೆಟ್ (ಹೆಡ್‌ಗೂ ಕೆಳಗಿನ ಬ್ಲಾಕ್‌ಗೂ ನಡುವಿನ ಸೀಲ್) ಹೋಗಿದೆ ಅನ್ನಬೇಡಿ. ಮೂಡಿಗೆರೆಯ ಚಳಿಯಲ್ಲಿ ಬೆಳಿಗ್ಗೆ ಎಲ್ಲರ ಸೈಲೆನ್ಸರ್‌ನಲ್ಲೂ ಸ್ವಲ್ಪ ಹೊತ್ತು ಬಿಳಿ ಬರುತ್ತದೆ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ವಾಸನೆ ನೋಡಿ. ಹಸಿ ಡೀಸೆಲ್ ವಾಸನೆ ಬಂದು ಕಣ್ಣು ಉರಿದರೆ ಡೀಸೆಲ್ ಚಿಮ್ಮಿಸುವ ನಾಜಲ್, ಚಳಿಯಲ್ಲಿ ಸ್ಟಾರ್ಟ್ ಆಗಲು ಸಿಲಿಂಡರ್ ಬಿಸಿ ಮಾಡುವ ಹೀಟರ್ ಪ್ಲಗ್ ಅಥವಾ ಕಂಪ್ರೆಷನ್ (ಸಿಲಿಂಡರ್‌ನೊಳಗೆ ಗಾಳಿ ಒತ್ತುವ ಪ್ರೆಷರ್) ಕಡೆ ನೋಡಬೇಕು. ಸಿಹಿಸಿಹಿ ವಾಸನೆಯಾದರೆ ಕೂಲೆಂಟ್ ಉರಿಯುತ್ತಿದೆ. ಕೆಲವರು ನಾಲಿಗೆಗೆ ಹಚ್ಚಿ ನೋಡುತ್ತಾರೆ, ಆ ಕೆಲಸ ಮಾತ್ರ ಬೇಡ. ಕೂಲೆಂಟ್ ವಿಷ.

ಇನ್ನು ಮುಖ್ಯ ಪರೀಕ್ಷೆ. ರಾತ್ರಿಯಿಡೀ ನಿಂತ ಗಾಡಿ, ಎಂಜಿನ್ ಪೂರ್ತಿ ತಣ್ಣಗಿರಬೇಕು. ರಾತ್ರಿಯಲ್ಲೇ ನೀರಿನ ಮಟ್ಟ ತುಂಬಾ ಇಳಿದಿದ್ದರೆ ಸೆಲ್ಫ್ ಹೊಡೆಯಲೇಬೇಡಿ. ಸಿಲಿಂಡರ್ ಒಳಗೆ ನೀರು ನಿಂತಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗಿ ಹೋಗುತ್ತದೆ. ಹೀಟರ್ ಪ್ಲಗ್ ಬಿಚ್ಚಿಸಿ, ಕ್ರ್ಯಾಂಕ್ ಪುಲ್ಲಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಿ ನೋಡಬೇಕು. ಮಟ್ಟ ಸರಿ ಇದ್ದರೆ ರೇಡಿಯೇಟರ್ ಮುಚ್ಚಳ ತೆಗೆದು ಬಾಯಿ ತನಕ ತುಂಬಿಸಿ. ನಿಮ್ಮ ಗಾಡಿಯಲ್ಲಿ ಪ್ಲಾಸ್ಟಿಕ್ ಟ್ಯಾಂಕ್ ಮಾತ್ರ ಇದ್ದರೆ ಅಲ್ಲೇ ನೋಡಿ. ಸ್ಟಾರ್ಟ್ ಮಾಡಿದ ಕೂಡಲೇ ಒಂದಷ್ಟು ಗುಳ್ಳೆ ಬರುತ್ತದೆ, ಅದು ಒಳಗೆ ಸಿಕ್ಕಿಕೊಂಡ ಗಾಳಿ. ಅದು ನಿಲ್ಲಬೇಕು. ನಿಲ್ಲದೆ ಒಂದೇ ಸಮ ಗುಳುಗುಳು ಬರುತ್ತಿದ್ದರೆ, ರೇಸ್ ಕೊಟ್ಟಾಗ ಜಾಸ್ತಿಯಾದರೆ, ಸಿಲಿಂಡರ್‌ನ ಗ್ಯಾಸ್ ನೀರಿಗೆ ಬರುತ್ತಿದೆ ಅಂತ ಅರ್ಥ. ಇನ್ನೊಂದು ದಿನ ಮುಚ್ಚಳ ಹಾಕಿಯೇ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಪೈಪ್ ಹಿಸುಕಿ ನೋಡಿ. ಪೈಪ್ ಇನ್ನೂ ತಣ್ಣಗಿದೆ, ಆದರೂ ಒಂದೆರಡು ನಿಮಿಷದಲ್ಲೇ ಕಲ್ಲಿನ ಹಾಗೆ ಗಟ್ಟಿಯಾಗಿದೆ ಅಂದರೆ ಅದೇ ಕಥೆ. ಬಿಸಿ ಎಂಜಿನ್‌ನಲ್ಲಿ ಮುಚ್ಚಳ ಮುಟ್ಟಬೇಡಿ, ಮುಖ ಸುಟ್ಟುಕೊಳ್ಳುತ್ತೀರಿ.

ಗುಳ್ಳೆ ಇಲ್ಲ, ಆದರೂ ನೀರು ಕಡಿಮೆಯಾಗುತ್ತಿದೆ, ಸಿಹಿ ವಾಸನೆಯ ಹೊಗೆಯೂ ಇದೆ ಅಂದರೆ ಇಜಿಆರ್ ಕೂಲರ್ ಮೇಲೆ ಅನುಮಾನ ಪಡಿ. ಈಗಿನ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಸೈಲೆನ್ಸರ್ ಕಡೆಯ ಬಿಸಿ ಗ್ಯಾಸನ್ನು ತಣ್ಣಗೆ ಮಾಡುವುದು ಅದೇ, ಅದರೊಳಗೂ ಕೂಲೆಂಟ್ ಓಡುತ್ತದೆ. ಹೀಟ್ ಆದಾಗ ಅದು ಬಿರುಕು ಬಿಟ್ಟರೆ ಗ್ಯಾಸ್ಕೆಟ್ ಹೋದ ಹಾಗೆಯೇ ಕಾಣುತ್ತದೆ. ಹಾಗೇ ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿದರೆ ಆಯಿಲ್ ಕೂಲರ್ ಕೂಡ ಕಾರಣ ಇರಬಹುದು. ಎರಡನ್ನೂ ಹೆಡ್ ಎತ್ತದೆ ಹೊರಗಿನಿಂದಲೇ ಬಿಚ್ಚಿ ಚೆಕ್ ಮಾಡಬಹುದು. ನೀರು ಹೊರಗೇ ಸೋರುತ್ತಿದೆಯಾ ಅಂತ ವಾಟರ್ ಪಂಪ್ ಕೆಳಗೂ ಒಮ್ಮೆ ನೋಡಿಬಿಡಿ.

ಆಮೇಲೆ ಕಂಪ್ರೆಷನ್. ಹೀಟರ್ ಪ್ಲಗ್ ತೂತಿಗೆ ಗೇಜ್ ಹಾಕಿ ನಾಲ್ಕೂ ಸಿಲಿಂಡರ್ ನೋಡಲು ಹೇಳಿ. ಚೆನ್ನಾಗಿರುವ ಡೀಸೆಲ್ ಎಂಜಿನ್‌ನಲ್ಲಿ ಸಾಮಾನ್ಯವಾಗಿ 25ರಿಂದ 30 ಬಾರ್ ಬರುತ್ತದೆ. ಸಂಖ್ಯೆಗಿಂತ ಮುಖ್ಯ ನಾಲ್ಕೂ ಹತ್ತಿರ ಹತ್ತಿರ ಇರಬೇಕು. ಅಕ್ಕಪಕ್ಕದ ಎರಡು ಮಾತ್ರ ಬಿದ್ದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಹೊಡೆದಿದೆ. ಕಡಿಮೆ ಇರುವ ಸಿಲಿಂಡರ್‌ನ ಪಿಸ್ಟನ್ ಮೇಲೆ ತಂದು, ಕಂಪ್ರೆಸರ್ ಗಾಳಿ ಬಿಟ್ಟು ಕಿವಿ ಕೊಡಲಿ. ರೇಡಿಯೇಟರ್‌ನಲ್ಲಿ ಗುಳ್ಳೆ ಬಂದರೆ ಹೆಡ್ ಅಥವಾ ಗ್ಯಾಸ್ಕೆಟ್. ಸೈಲೆನ್ಸರ್‌ನಲ್ಲಿ ಸುಯ್ ಅಂದರೆ ವಾಲ್ವ್. ಆಯಿಲ್ ಹಾಕುವ ಬಾಯಲ್ಲಿ ಜೋರಾಗಿ ಬಂದರೆ ರಿಂಗ್, ಬೋರ್. ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ತೆಗೆದರೆ ಬುಸಬುಸ ಹೊಗೆ ಬರುವುದೂ ಅದೇ, ನಾವು ಬ್ಯಾಕ್ ಕಂಪ್ರೆಷನ್ ಅನ್ನುತ್ತೇವೆ. ಪೂರ್ತಿ ಎಂಜಿನ್ ಬಿಚ್ಚುವ ಮಾತು ಅಲ್ಲಿಗೆ ಬಂದಾಗ ಮಾತ್ರ.

ಆಯಿಲ್ ಹೇಗೂ ಬದಲಿಸಬೇಕು, ಆ ಬಿಸಿಗೆ ಅದು ಸತ್ತಿರುತ್ತದೆ. ಹಳೇ ಫಿಲ್ಟರ್ ಎಸೆಯಬೇಡಿ. ಕತ್ತರಿಸಿ ಒಳಗಿನ ಪೇಪರ್ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಮಡಿಕೆಗಳಲ್ಲಿ ತಾಮ್ರದ ಬಣ್ಣದ ಚೂರು ಹೊಳೆದರೆ ಬೇರಿಂಗ್ ಸವೆದಿದೆ. ಬೆಳ್ಳಗಿದ್ದು ಮ್ಯಾಗ್ನೆಟ್‌ಗೆ ಅಂಟದಿದ್ದರೆ ಅಲ್ಯೂಮಿನಿಯಂ, ಪಿಸ್ಟನ್ ಉಜ್ಜಿರಬಹುದು. ಏನೂ ಇಲ್ಲದಿದ್ದರೆ ಆ ಪೇಪರನ್ನೇ ಗ್ಯಾರೇಜಿನವರಿಗೆ ತೋರಿಸಿ ಮಾತಾಡಿ.

ಗ್ಯಾಸ್ಕೆಟ್ಟೇ ಅಂತ ಖಚಿತವಾದರೆ, ಹೊಸದು ಹಾಕಿ ಮುಚ್ಚಿ ಕಳಿಸುವ ಕೆಲಸಕ್ಕೆ ಒಪ್ಪಬೇಡಿ. ನಿಮ್ಮದು ಅಲ್ಯೂಮಿನಿಯಂ ಹೆಡ್, ಕೆಳಗಿನ ಬ್ಲಾಕ್ ಕಬ್ಬಿಣದ್ದು ಇರಬೇಕು. ಅದೇ ಬಿಸಿಗೆ ಅಲ್ಯೂಮಿನಿಯಂ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಬೋಲ್ಟ್ ಬಿಡುವುದಿಲ್ಲ, ಹೆಡ್ ಸೊಟ್ಟಗಾಗುತ್ತದೆ. ನೇರ ಪಟ್ಟಿ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಬೇಕು. ಬಹಳ ಎಂಜಿನ್‌ಗಳಲ್ಲಿ 0.05ರಿಂದ 0.10 ಮಿ.ಮೀ. ದಾಟಿದರೆ ಆಗುವುದಿಲ್ಲ. ವಾಲ್ವ್‌ಗಳ ನಡುವೆ ಬಿರುಕಿದೆಯಾ ಅಂತ ಪ್ರೆಷರ್ ಟೆಸ್ಟ್ ಬೇಕು. ಫೇಸಿಂಗ್ ಹೊಡೆಸುವ (ಹೆಡ್‌ನ ಮೈಯನ್ನು ಮೆಷಿನ್‌ನಲ್ಲಿ ಸವೆಸಿ ಸಮ ಮಾಡಿಸುವ) ಮುಂಚೆ ಕಂಪನಿ ಮ್ಯಾನ್ಯುಯಲ್ ನೋಡಲಿ. ಕೆಲವು ಡೀಸೆಲ್ ಹೆಡ್‌ಗಳಿಗೆ ಫೇಸಿಂಗ್ ಮಾಡಲೇಬಾರದು ಅಂತ ಇರುತ್ತದೆ. ಗ್ಯಾಸ್ಕೆಟ್‌ನ ಅಂಚಿನಲ್ಲಿ ಸಣ್ಣ ತೂತೋ ಕಚ್ಚೋ ಇರುತ್ತದೆ ನೋಡಿ, ಅದು ದಪ್ಪದ ಗುರುತು. ಪಿಸ್ಟನ್ ಬ್ಲಾಕ್‌ನಿಂದ ಎಷ್ಟು ಮೇಲೆ ಬರುತ್ತದೆ ಅಂತ ಅಳೆದು ಅದಕ್ಕೆ ತಕ್ಕ ದಪ್ಪದ್ದು ತರಬೇಕು. ಅಂಗಡಿಯಲ್ಲಿ ಸಿಕ್ಕಿದ್ದನ್ನು ಹಾಕಿದರೆ ವಾಪಸ್ ಬರುತ್ತೀರಿ. ಹೆಡ್ ಬೋಲ್ಟ್ ಒಮ್ಮೆ ಎಳೆದವು ಮತ್ತೆ ಬೇಡ, ಹೊಸದೇ ಹಾಕಿಸಿ.

ಹೀಟ್ ಯಾಕಾಯಿತು ಅಂತ ಯಾರೂ ಕೇಳಿಲ್ಲ, ಅಲ್ವಾ? ಸೆಕೆಂಡ್ ಗೇರಿನಲ್ಲಿ ಲೋಡ್ ಎಳೆಯುವಾಗ ಮುಂದಿನಿಂದ ಗಾಳಿ ಬರುವುದಿಲ್ಲ, ಎಲ್ಲ ಫ್ಯಾನ್ ಮೇಲೇ ಬೀಳುತ್ತದೆ. ನಿಮ್ಮದು ಬೆಲ್ಟ್ ಫ್ಯಾನ್ ಆದರೆ ಬಿಸಿ ಎಂಜಿನ್ ಆಫ್ ಮಾಡಿ, ಕೀ ಕೈಯಲ್ಲಿಟ್ಟುಕೊಂಡು ಫ್ಯಾನ್ ತಿರುಗಿಸಿ. ಬಿಗಿ ಇರಬೇಕು. ಗಿರಗಿರ ತಿರುಗಿದರೆ ಅದರ ಕ್ಲಚ್ ಹೋಗಿದೆ. ಎಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಟಾರ್ಚ್ ಬಿಡಿ, ತೋಟದ ರಸ್ತೆಯ ಗಾಡಿಗಳಲ್ಲಿ ಅಲ್ಲಿ ಎಲೆ, ಹುಲ್ಲಿನ ಬೀಜ, ಮಣ್ಣು ಮೆತ್ತಿಕೊಂಡಿರುತ್ತದೆ. ರೇಡಿಯೇಟರ್ ಮುಚ್ಚಳವನ್ನೂ ಬದಲಿಸಿ. ಅದು ಪ್ರೆಷರ್ ಹಿಡಿಯದಿದ್ದರೆ ಘಾಟಿಯ ಎತ್ತರದಲ್ಲಿ ಬರೀ ನೀರು 100 ಡಿಗ್ರಿಗೂ ಮುಂಚೆಯೇ ಕುದಿಯುತ್ತದೆ.

ಅಂದ ಹಾಗೆ ಹಿಂದಿನ ಜೀಪಿನಲ್ಲಿ ಕೂತವರಿಗೆ ಎಂಜಿನ್ ಆಫ್ ಇದ್ದಾಗ ಬ್ರೇಕ್ ಬೂಸ್ಟರ್ ಇರಲಿಲ್ಲ. ಇನ್ನೊಮ್ಮೆ ಘಾಟಿಯಲ್ಲಿ ಹಾಗೆ ಎಳೆಯಬೇಡಿ, ರಿಕವರಿ ಗಾಡಿ ಕರೆಸಿ.

ನಾಲ್ಕು ಸಿಲಿಂಡರ್‌ನ ಕಂಪ್ರೆಷನ್ ರೀಡಿಂಗ್ ಬಂದ ಮೇಲೆ ಇಲ್ಲೇ ಹಾಕಿ, ಜೊತೆಗೆ ಗುಳ್ಳೆ ಬಂತಾ ಇಲ್ಲವಾ ಅಂತಲೂ ಬರೆಯಿರಿ. ನೋಡಿ ಹೇಳುತ್ತೇನೆ.